ಪವಾಡಕ್ಕೆ ಪವಾಡ

ಚೆನ್ನೈನ ಮೈಲಾಪೂರ್‌ನ ಕಪಾಲೀಶ್ವರ ದೇವಸ್ಥಾನದಲ್ಲಿ ಪಂಗುನಿ ಉತ್ಸವದ ಎಂಟನೆಯ ದಿನ ಬೆಳಿಗ್ಗೆ ಪೂಂಪಾವೈ ಮತ್ತೆ ಬದುಕುತ್ತಾಳೆ. ವರ್ತಕನೊಬ್ಬನ ಮಗಳು ಅವಳು, ಹಾವು ಕಚ್ಚಿ ಸತ್ತಿದ್ದಳು. ಅಪ್ಪ ಬೂದಿಯನ್ನು ಕುಡಿಕೆಯಲ್ಲಿ ಕಾಪಿಟ್ಟಿದ್ದ. ಶೈವ ಸಂತ ಸಂಬಂಧರ್ ಹಾಡಿದರು, ಹುಡುಗಿ ಎದ್ದು ಬಂದಳು. 12ನೇ ಶತಮಾನದಲ್ಲಿ ಸೇಕ್ಕಿಳಾರ್ ಈ ಕಥೆಯನ್ನು ಪೆರಿಯಪುರಾಣದಲ್ಲಿ ಹೇಳಿದ್ದಾರೆ. ಇಲ್ಲಿ ಸಂಸಾರ ಹೂಡಿರುವ ನನಗೆ ಆಗ ನೆನಪಾಗುವವನು ನಮ್ಮ ಶಿವಭಕ್ತ ಏಕಾಂತದ ರಾಮಯ್ಯ. ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಟ್ಟು ಮರಳಿ ಪಡೆದನೆಂದು ಸುಮಾರು 1200ರ ಶಾಸನ ಹೇಳುತ್ತದೆ. ಎರಡೂ ಕಥೆಗಳಲ್ಲಿ ಪರಮತದವರ ಬಾಯಿ ಕಟ್ಟಿದ್ದು ಪವಾಡ. ಮರುಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

20ನೇ ಶತಮಾನದಲ್ಲಿ ವಿಚಾರವಾದಿಗಳೂ ಪಂಥ ಕಟ್ಟುವ ಇದೇ ಹತಾರ ಹಿಡಿದರು. ಸಿಲೋನಿನಲ್ಲಿ ನೆಲೆಸಿದ್ದ ಕೇರಳದ ಅಬ್ರಹಾಂ ಕೋವೂರ್ 1963ರಲ್ಲಿ ಪವಾಡಪುರುಷರಿಗೆ ಲಕ್ಷ ರೂಪಾಯಿಯ ಸವಾಲು ಹಾಕಿದರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿ, ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಉಂಗುರ ಬೇಡ, ಕುಂಬಳಕಾಯಿ ಸೃಷ್ಟಿಸಲಿ ಎಂಬ ನರಸಿಂಹಯ್ಯನವರ ಮಾತು ಮಾತ್ರ ಜನರ ಬಾಯಲ್ಲಿ ಉಳಿಯಿತು. ಕುಂಬಳಕಾಯಿ ಅಂಗಿಯ ತೋಳಿನೊಳಗೆ ಅಡಗದು. ನಗಿಸುವ ಮಾತಿನೊಳಗೇ ಪರೀಕ್ಷೆಯೂ ಇದೆ. ಅದನ್ನು ನಾನು ನ್ಯಾಯವಾದ ಮಾತೆಂದೇ ಎಣಿಸುತ್ತೇನೆ. ಬಹಿರಂಗ ಸವಾಲಿನ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಬಾರದವನು ಸೋತ ಎಂದು ಜನ ತೀರ್ಮಾನಿಸುತ್ತಾರೆ. ಮೌನ ಯಾವುದಕ್ಕೂ ಪುರಾವೆಯಲ್ಲ.

ಸವಾಲು ಹಾಕದೆ ಗುಟ್ಟನ್ನೇ ಬಿಚ್ಚಿಡುವ ದಾರಿಯೂ ಇದೆ. ಕರ್ನಾಟಕದ ಊರುಗಳಲ್ಲಿ ನಡೆಯುವ ಪವಾಡ ಬಯಲು ಕಾರ್ಯಕ್ರಮವನ್ನೇ ನೋಡಿ. ಚಾಕುವಿನ ಅಲಗಿಗೆ ದಾಸವಾಳದ ಎಸಳು ತಿಕ್ಕಿ ಒಣಗಿಸಿ ನಿಂಬೆಹಣ್ಣು ಕೊಯ್ದರೆ, ರಸ ಕೆಂಪಗೆ ತೊಟ್ಟಿಕ್ಕುತ್ತದೆ. ಹುಳಿ ತಾಗಿ ಹೂವಿನ ಬಣ್ಣ ಕೆಂಪೇರುವುದಷ್ಟೆ. ಮಾಟ ತೆಗೆಯುವವನು ರಕ್ತ ತೋರಿಸಿ ದಕ್ಷಿಣೆ ಕೇಳುತ್ತಾನೆ. ವಿಚಾರವಾದಿ ಕಾರ್ಯಕರ್ತನೂ ಮೊದಲು ಅವನಂತೆಯೇ ಮಂತ್ರ ಗೊಣಗಿ ಸಭೆಯನ್ನು ಬೆಚ್ಚಿಬೀಳಿಸುತ್ತಾನೆ. ಅದೂ ಮೋಸವೇ. ಅಲ್ಲೇ, ಅದೇ ಜನರ ಮುಂದೆ ಗುಟ್ಟು ಬಿಚ್ಚಿ, ಮುಂದಿನ ಸಾಲಿನ ಹುಡುಗಿಯ ಕೈಗೆ ಚಾಕು ಕೊಟ್ಟು ಮಾಡಿಸಿದರೆ ಆ ಋಣ ತೀರುತ್ತದೆ. ಎಲ್ಲ ವಿಜ್ಞಾನ ಎಂದಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಇಳಿದರೆ, ಜನ ಬಾಬಾನನ್ನು ಬಿಟ್ಟು ಭಾಷಣಕಾರನನ್ನು ನಂಬಿದಂತಾಯಿತು.

ಅದಕ್ಕೇ ನರಸಿಂಹಯ್ಯನವರ ಸಮಿತಿಗಿಂತ, ಅವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ನನಗೆ ದೊಡ್ಡದು. ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ಉಪನ್ಯಾಸ. ಕೇಳಲು ಬಂದವರು ಎದ್ದು ನಿಂತು ಉಪನ್ಯಾಸಕರನ್ನೇ ಪ್ರಶ್ನಿಸಬಹುದಿತ್ತು.