ಸಿಸ್‌ಪ್ಲಾಟಿನ್, ಮೂತ್ರಪಿಂಡ ಮತ್ತು ಗಿಡಮೂಲಿಕೆ: ಒಂದು ಸಂಶೋಧನಾ ಚರಿತ್ರೆ

ಪೀಠಿಕೆ

ಕ್ಯಾನ್ಸರ್ ಔಷಧಿಯಿಂದ ಮೂತ್ರಪಿಂಡಕ್ಕಾಗುವ ಹಾನಿಯನ್ನು ಗಿಡಮೂಲಿಕೆಯ ಉತ್ಕರ್ಷಣ ನಿರೋಧಕಗಳು ತಡೆಯಬಲ್ಲವೇ? ಈ ಪ್ರಶ್ನೆಯನ್ನು ಹಿಡಿದು ನಡೆದಿರುವ ಅಧ್ಯಯನಗಳಲ್ಲಿ ಬಹುಪಾಲು ಸಿಸ್‌ಪ್ಲಾಟಿನ್ ಎಂಬ ಒಂದೇ ಔಷಧಿಯ ಸುತ್ತ ಬೆಳೆದಿವೆ. ಮೂತ್ರಪಿಂಡ ಉಳಿಯಿತೇ ಎಂಬುದರ ಜೊತೆಗೆ, ಗಡ್ಡೆಯ ಮೇಲೆ ಔಷಧಿಯ ಹಿಡಿತವೂ ಉಳಿಯಿತೇ ಎಂದು ಕೇಳಿದ ಅಧ್ಯಯನಗಳೇ ಈ ಚರಿತ್ರೆಯಲ್ಲಿ ತೂಕವುಳ್ಳವು ಎಂಬುದು ಈ ಲೇಖನದ ವಾದ.

ಔಷಧಿ ಮತ್ತು ಅದರ ವಿಷ

ಇಟಲಿಯ ಮಿಕೆಲೆ ಪೆಯ್ರೋನೆ 19ನೆಯ ಶತಮಾನದ ನಡುವಿನಲ್ಲಿ ತಯಾರಿಸಿದ ಈ ಪ್ಲಾಟಿನಂ ಸಂಯುಕ್ತ ನೂರು ವರ್ಷಕ್ಕೂ ಹೆಚ್ಚು ಕಾಲ ರಸಾಯನಶಾಸ್ತ್ರದ ಪುಟಗಳಲ್ಲೇ ಉಳಿದಿತ್ತು. ಪ್ಲಾಟಿನಂ ವಿದ್ಯುದ್ವಾರಗಳಿಂದ ಹೊರಟ ವಸ್ತುವೊಂದು ಬ್ಯಾಕ್ಟೀರಿಯಾದ ವಿಭಜನೆಯನ್ನು ನಿಲ್ಲಿಸುವುದನ್ನು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದರು. ಆ ಸುಳಿವು ಸಿಸ್‌ಪ್ಲಾಟಿನ್‌ನ ಕಡೆಗೆ ಒಯ್ದಿತು; 1978ರಲ್ಲಿ ಅಮೆರಿಕ ಅದಕ್ಕೆ ಮಾನ್ಯತೆ ನೀಡಿತು. ವೃಷಣದ ಕ್ಯಾನ್ಸರ್ ಹರಡಿದ ಮೇಲೂ ಬಹುಮಟ್ಟಿಗೆ ಗುಣವಾಗತೊಡಗಿದ್ದು ಈ ಔಷಧಿ ಬಂದ ಬಳಿಕ.

ಆದರೆ ಆರಂಭದ ಪ್ರಯೋಗಗಳಲ್ಲಿ ರೋಗಿಗಳ ಮೂತ್ರಪಿಂಡ ತೀವ್ರವಾಗಿ ಕೆಡುತ್ತಿತ್ತು. ರಕ್ತನಾಳದ ಮೂಲಕ ಧಾರಾಳವಾಗಿ ಲವಣದ್ರಾವಣ ಹರಿಸಿ, ಮ್ಯಾನಿಟಾಲ್ ಕೊಟ್ಟು ಮೂತ್ರ ಹೆಚ್ಚಿಸುವ ಕ್ರಮ 1970ರ ದಶಕದಲ್ಲಿ ರೂಢಿಗೆ ಬಂದದ್ದರಿಂದಲೇ ಔಷಧಿ ಬಳಕೆಯಲ್ಲಿ ಉಳಿಯಿತು. ಹಾನಿ ತಗ್ಗಿತೇ ಹೊರತು ನಿಲ್ಲಲಿಲ್ಲ. ಮೂತ್ರನಾಳಿಕೆಗಳ ಜೀವಕೋಶಗಳು ಸಿಸ್‌ಪ್ಲಾಟಿನ್ ಅನ್ನು ರಕ್ತದಿಂದ ಒಳಗೆಳೆದುಕೊಂಡು ಶೇಖರಿಸುತ್ತವೆ. ಅಲ್ಲಿ ಕೋಶದ ಸ್ವಂತ ಉತ್ಕರ್ಷಣ ನಿರೋಧಕವಾದ ಗ್ಲುಟಾಥಯೋನ್ ಕುಗ್ಗುತ್ತದೆ, ಮೈಟೊಕಾಂಡ್ರಿಯಾ ಕೆಡುತ್ತದೆ, ಮುಕ್ತ ರ್‍ಯಾಡಿಕಲ್‌ಗಳು ಹೆಚ್ಚಿ ಕೋಶ ಸಾಯುತ್ತದೆ. ಗಿಡಮೂಲಿಕೆಗಳತ್ತ ಸಂಶೋಧಕರ ಗಮನ ಹರಿದದ್ದು ಈ ತಿಳಿವಳಿಕೆಯಿಂದ.

ಪ್ರಯೋಗಾಲಯದ ಭರವಸೆ

ಮಿಲ್ಕ್ ಥಿಸಲ್ ಗಿಡದ ಸಿಲಿಬಿನಿನ್ ಇಲಿಗಳ ಮೂತ್ರಪಿಂಡವನ್ನು ಕಾಪಾಡುತ್ತದೆಂದು 1996ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಅದು ವೃಷಣದ ಕ್ಯಾನ್ಸರ್ ಕೋಶಗಳ ಮೇಲಿನ ಸಿಸ್‌ಪ್ಲಾಟಿನ್ ಪರಿಣಾಮವನ್ನು ಕುಗ್ಗಿಸುವುದಿಲ್ಲವೆಂಬುದನ್ನೂ ಅದೇ ವರ್ಷ ಪರೀಕ್ಷಿಸಿ ವರದಿ ಮಾಡಿದರು.

ನಮ್ಮ ಮಣಿಪಾಲದ ಕೊಡುಗೆಯೂ ಇದೇ ಸಾಲಿನದು. ಸಿಸ್ಟೋನ್ ಎಂಬ ಆಯುರ್ವೇದ ಮಿಶ್ರಣವನ್ನು ಅಲ್ಲಿನ ಔಷಧವಿಜ್ಞಾನಿಗಳು ಮೊದಲು ಇಲಿಗಳಲ್ಲಿ ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನಕ್ಕೆ ಮೆಲನೋಮ ಗಡ್ಡೆಯಿದ್ದ ಚಿಟ್ಟಿಲಿಗಳನ್ನೇ ಆರಿಸಿಕೊಂಡರು. ಮೂತ್ರಪಿಂಡದ ಹಾನಿ ತಗ್ಗಿತು, ಗಡ್ಡೆಯ ವಿರುದ್ಧ ಔಷಧಿಯ ಶಕ್ತಿ ತಗ್ಗಲಿಲ್ಲ. ನಂತರ ಶುಂಠಿ, ಅರಿಸಿನದ ಕರ್ಕ್ಯುಮಿನ್ ಮೊದಲಾದವುಗಳ ಮೇಲೆ ಹೇರಳ ವರದಿಗಳು ಬಂದವು. ಅವುಗಳಲ್ಲಿ ಹೆಚ್ಚಿನವು ಗಡ್ಡೆಯಿಲ್ಲದ ಪ್ರಾಣಿಗಳಿಗೆ ಒಂದೇ ದೊಡ್ಡ ಪ್ರಮಾಣದ ಸಿಸ್‌ಪ್ಲಾಟಿನ್ ಕೊಟ್ಟು, ಯೂರಿಯ ಮತ್ತು ಕ್ರಿಯಾಟಿನಿನ್ ಅಳೆದಂಥವು. ರೋಗಿಗೆ ಔಷಧಿ ಸುತ್ತು ಸುತ್ತಾಗಿ ಸೇರುತ್ತದೆ, ಮೈಯಲ್ಲಿ ಗಡ್ಡೆಯೂ ಇರುತ್ತದೆ. ಮಣಿಪಾಲದ ವಿನ್ಯಾಸಕ್ಕೆ ಬೆಲೆ ಬರುವುದು ಗಡ್ಡೆಯಿದ್ದ ಪ್ರಾಣಿಗಳನ್ನು ಆರಿಸಿಕೊಂಡದ್ದರಿಂದ.

ಎಚ್ಚರದ ಪಾಠಗಳು

ಮುಕ್ತ ರ್‍ಯಾಡಿಕಲ್‌ಗಳಿಂದ ಮೂತ್ರಪಿಂಡ ಕೆಡುವುದು ನಿಜ, ಆದರೆ ಹಲವು ಕ್ಯಾನ್ಸರ್ ಔಷಧಿಗಳು ಗಡ್ಡೆಯ ಕೋಶವನ್ನು ಕೊಲ್ಲಲು ಅವನ್ನೇ ಭಾಗಶಃ ನೆಚ್ಚಿವೆ. ಆಹಾರದಲ್ಲಿ ಕೊಟ್ಟ ಕರ್ಕ್ಯುಮಿನ್ ಚಿಟ್ಟಿಲಿಗಳಲ್ಲಿ ಸ್ತನ ಕ್ಯಾನ್ಸರ್ ಗಡ್ಡೆಯ ಮೇಲೆ ಸೈಕ್ಲೋಫಾಸ್ಫಮೈಡ್ ಪರಿಣಾಮವನ್ನು ತಡೆಯಿತೆಂದು 2002ರ ಅಮೆರಿಕದ ಅಧ್ಯಯನ ತಿಳಿಸಿತು. ಗಿಡಮೂಲಿಕೆಯೇ ವಿಷವಾಗಬಹುದೆಂಬುದಕ್ಕೆ 1993ರ ಬೆಲ್ಜಿಯಂ ವರದಿ ಸಾಕ್ಷಿ: ತೂಕ ಇಳಿಸಲು ಚೀನೀ ಗಿಡಮೂಲಿಕೆ ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು, ಅದಕ್ಕೆ ಅರಿಸ್ಟೊಲೋಕಿಕ್ ಆಮ್ಲ ಕಾರಣವೆಂದು ಮುಂದೆ ಖಚಿತವಾಯಿತು. 2015ರಲ್ಲಿ ಇರಾನಿನಿಂದ ಬಂದ ಸಣ್ಣ ಮಾನವ ಪ್ರಯೋಗವೊಂದರಲ್ಲಿ, ಇಲಿಗಳಲ್ಲಿ ಗೆದ್ದಿದ್ದ ಸಿಲಿಬಿನಿನ್ ಅನ್ನು ಒಳಗೊಂಡ ಮಿಲ್ಕ್ ಥಿಸಲ್‌ನ ಸಾರ ಸಿಲಿಮರಿನ್ ರೋಗಿಗಳ ಮೂತ್ರಪಿಂಡದ ಹಾನಿಯನ್ನು ತಡೆಯಲಿಲ್ಲ.

ಉಪಸಂಹಾರ

ಗಿಡಮೂಲಿಕೆಗಳಿಗೆ ಗೌರವ ಸಲ್ಲುವುದು ಕಠಿಣ ಪರೀಕ್ಷೆಯಿಂದ. ಪ್ರಮಾಣೀಕರಿಸಿದ ಸಾರ, ಗಡ್ಡೆಯಿರುವ ಪ್ರಾಣಿ, ಮರುಕಳಿಸುವ ಸುತ್ತುಗಳು, ಬಳಿಕ ಯಾದೃಚ್ಛಿಕ ಮಾನವ ಪ್ರಯೋಗ: ಮುಂದಿನ ಸಂಶೋಧನೆಗೆ ಇಷ್ಟು ಬೇಕು. ಅಲ್ಲಿಯವರೆಗೆ ಕೀಮೋಥೆರಪಿ ಪಡೆಯುವವರು ಕಷಾಯವನ್ನಾಗಲಿ ಮಾತ್ರೆಯನ್ನಾಗಲಿ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ವೈದ್ಯರೂ ಅದನ್ನು ಗದರದೆ ಕೇಳಿ ತಿಳಿದುಕೊಳ್ಳಬೇಕು. ಹಾಗಾದಾಗ ಮಾತ್ರ ರೋಗಿ ಮುಚ್ಚಿಡದೆ ಹೇಳುತ್ತಾನೆ.