ಸೊಲ್ಲಾಪುರ ರಸ್ತೆಯ ಆ ತುದಿಯಲ್ಲಿ ಬದಲಾದ 2,209 ಪಂಪುಗಳು

ವಿಜಯಪುರದಿಂದ ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ. ಹೊರ್ತಿ, ಝಳಕಿ ಹಿಂದೆ ಬಿಟ್ಟು ಧೂಳಖೇಡದಲ್ಲಿ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಈ ದಾರಿಯ ಎರಡೂ ಕಡೆ ಇವತ್ತು ಎನ್‌ಟಿಪಿಸಿಯ ಕಲ್ಲಿದ್ದಲು ಸ್ಥಾವರಗಳಿವೆ. ಸೊಲ್ಲಾಪುರದ ಹತ್ತಿರ 1,320 ಮೆಗಾವ್ಯಾಟಿನದು, ನಮ್ಮ ಕೂಡಗಿಯಲ್ಲಿ 2,400 ಮೆಗಾವ್ಯಾಟಿನದು. ಆದರೂ ನಮ್ಮ ಹಳ್ಳಿಗಳಲ್ಲಿ ಕರೆಂಟಿನ ಮಾತು ಮುಗಿದಿಲ್ಲ. ಆ ಕರೆಂಟಿನ ದೊಡ್ಡ ಪಾಲು ನೆಲದೊಳಗಿನ ನೀರು ಮೇಲೆತ್ತಲು ಹೋಗುತ್ತದೆ. ಹಾಗಾಗಿ ನೀರೆತ್ತಿದ ಕತೆಯಿಂದಲೇ ಶುರು ಮಾಡುತ್ತೇವೆ.

ಆದಿಲ್‌ಶಾಹಿ ಕಾಲದಲ್ಲಿ ಈ ನಗರಕ್ಕೆ ನೀರು ತರಲು ಏನನ್ನೂ ಸುಡಬೇಕಿರಲಿಲ್ಲ. ತಿಕೋಟಾ ಕಡೆಗೆ ಹೋಗುವಾಗ ಸಿಗುವ ತೊರವಿ ನಗರಕ್ಕಿಂತ ಎತ್ತರದಲ್ಲಿದೆ. ಅಲ್ಲಿಂದ ನೆಲದಡಿ ಸುರಂಗ ಕೊರೆದು, ಇಳಿಜಾರಿನಲ್ಲೇ ನೀರು ಹರಿಸಿದರು. ದಕ್ಷಿಣದ ಬೇಗಂ ತಲಾಬ್ 1651ರದು. ಅದರ ನೀರು ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ನಡುನಡುವೆ ಕಟ್ಟಿದ ಗಂಜ್ ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು. ಆ ಗಂಜ್‌ಗಳಲ್ಲಿ ಕೆಲವು ಇನ್ನೂ ನಿಂತಿವೆ. ಅವುಗಳ ಪಕ್ಕದಲ್ಲೇ ನಾವು ದಿನಾ ಓಡಾಡುತ್ತೇವೆ, ತಲೆ ಎತ್ತಿ ನೋಡುವುದಿಲ್ಲ.

ಹೊಲದ ಮಾತೇ ಬೇರೆ. ಅಲ್ಲಿ ನೀರು ಮೇಲೇರಬೇಕು. ಕಪಿಲೆ ಇದ್ದಾಗ ಎತ್ತು ದಣಿದರೆ ಆ ದಿನದ ನೀರು ಮುಗಿಯಿತು. ಡೀಸೆಲ್ ಎಂಜಿನ್ ಬಂದ ಮೇಲೆ ಎಣ್ಣೆಯ ದುಡ್ಡು ಕೈಯಿಂದ ಹೋಗುತ್ತಿತ್ತು, ಕೊನೆಯ ಸಾಲಿಗೆ ನೀರು ಮುಟ್ಟಿದ ಕೂಡಲೇ ಎಂಜಿನ್ ಬಂದ್. ಆಮೇಲೆ ಕರೆಂಟ್ ಬಂತು. 2008ರಲ್ಲಿ ಸರ್ಕಾರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಅದನ್ನು ಉಚಿತ ಮಾಡಿತು. ಬರದ ನಾಡಿನ ರೈತನಿಗೆ ಅದು ದೊಡ್ಡ ಆಸರೆ, ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಎಷ್ಟು ಸುಡುತ್ತಿದೆ ಎಂದು ನೋಡುವ ಕಣ್ಣು ಅಂದಿನಿಂದ ಮುಚ್ಚಿತು. ಪಂಪು ಚಲೋ ಇದ್ದರೂ ಸೊನ್ನೆ ಬಿಲ್, ಹಾಳಾಗಿದ್ದರೂ ಸೊನ್ನೆ ಬಿಲ್.

ಲೆಕ್ಕ ಹಾಕಿ ನೋಡಿ. 40 ಅಡಿ ಆಳದ ಬಾವಿಯಿಂದ ಒಂದು ಲಕ್ಷ ಲೀಟರ್ ಎತ್ತಲು ನಿಜವಾಗಿ ಬೇಕಾದ ಶಕ್ತಿ 3 ಯೂನಿಟ್‌ಗಿಂತ ತುಸು ಹೆಚ್ಚು. ಬೋರ್‌ನಲ್ಲಿ ನೀರು 500 ಅಡಿಗೆ ಇಳಿದಿದ್ದರೆ ಅದೇ ನೀರಿಗೆ 41 ಯೂನಿಟ್ ದಾಟುತ್ತದೆ. ಇದು ಪಂಪು ಒಂದಿಷ್ಟೂ ವ್ಯರ್ಥ ಮಾಡದಿದ್ದರೆ ಮಾತ್ರ. ನೂರಕ್ಕೆ 30ರಷ್ಟು ಮಾತ್ರ ಕೆಲಸಕ್ಕೆ ಬರುವ ಪಂಪು 138 ಯೂನಿಟ್ ತಿನ್ನುತ್ತದೆ, 50ರಷ್ಟು ಬಂದರೆ 83 ಸಾಕು. ನಡುವಿನ ವ್ಯತ್ಯಾಸ 55 ಯೂನಿಟ್. ಸ್ಥಾವರದಲ್ಲಿ ಒಂದು ಯೂನಿಟ್‌ಗೆ 600–700 ಗ್ರಾಂ ಕಲ್ಲಿದ್ದಲು ಉರಿಯುತ್ತದೆ ಎಂದು ಹಿಡಿದರೆ, ಹೆಚ್ಚೂಕಡಿಮೆ 35 ಕಿಲೋ ಕಲ್ಲಿದ್ದಲು ಸುಮ್ಮನೆ ಹೊಗೆ, ಬೂದಿ.

ಪಂಪು ಹೀಗಾಗುವುದು ಹೇಗೆ? ಮೋಟಾರ್ ಸುಟ್ಟಾಗಲೆಲ್ಲ ರಿವೈಂಡಿಂಗ್ ಮಾಡಿಸುತ್ತೇವೆ, ಕೆಲಸ ಸರಿಯಾಗದಿದ್ದರೆ ಪ್ರತಿ ಸಲವೂ ಅದರ ಶಕ್ತಿ ಒಂದಿಷ್ಟು ಕುಂದುತ್ತದೆ. ಪೈಪ್ ಸಣ್ಣದು, ಫುಟ್‌ವಾಲ್ವ್ ಬಿಗಿ. ವೋಲ್ಟೇಜ್ ಕಡಿಮೆ ಎಂದು ಬೇಕಾದ್ದಕ್ಕಿಂತ ದೊಡ್ಡ ಮೋಟಾರ್ ಇಳಿಸುತ್ತೇವೆ. ಪಕ್ಕದವರೂ ಹಾಗೇ ಮಾಡುತ್ತಾರೆ, ವೋಲ್ಟೇಜ್ ಇನ್ನೂ ಬೀಳುತ್ತದೆ. ಕರೆಂಟ್ ಬಂದ ಕ್ಷಣ ಆಟೊ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೇ ಎದ್ದಾಗ ಟಿಸಿ ಸುಡುತ್ತದೆ. ಹೊಸ ಟಿಸಿ ಬರುವ ತನಕ ದ್ರಾಕ್ಷಿ ಬಳ್ಳಿ ಕಾಯುತ್ತದೆಯೇ?

ಇದಕ್ಕೆ ಪರಿಹಾರ ಹುಡುಕುವ ಒಂದು ಪ್ರಯೋಗ ನಡೆದದ್ದು ನಮ್ಮ ರಸ್ತೆಯ ಆ ತುದಿಯಲ್ಲೇ, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಭಾಗದಲ್ಲಿ. ಹೌದು, ಬಿಜ್ಜಳನ ಮಂಗಳವೇಢೆ, ಬಸವಣ್ಣನವರು ಕರಣಿಕರಾಗಿದ್ದ ಊರು. ಕೇಂದ್ರ ಸರ್ಕಾರದ ಇಂಧನ ದಕ್ಷತೆ ಬ್ಯೂರೋ, ಅಂದರೆ ಫ್ರಿಜ್, ಫ್ಯಾನುಗಳಿಗೆ ಸ್ಟಾರ್ ಚೀಟಿ ಅಂಟಿಸುವ ಸಂಸ್ಥೆ, ಇದನ್ನು ಕೈಗೆತ್ತಿಕೊಂಡಿತು. ರೈತರಿಂದ ಹಣ ಪಡೆಯದೆ 2,209 ಹಳೆಯ ಪಂಪು ತೆಗೆದು ಸ್ಟಾರ್ ಇರುವ ಹೊಸವನ್ನು ಕೂಡಿಸಿದರು. ವರ್ಷಕ್ಕೆ ಉಳಿದದ್ದು ಸುಮಾರು 61 ಲಕ್ಷ ಯೂನಿಟ್. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ 4,000 ಟನ್ ಹತ್ತಿರದ ಕಲ್ಲಿದ್ದಲು. ಉಚಿತ ಕರೆಂಟಿಗೆ ಸರ್ಕಾರ ತೆರುವ ಸಬ್ಸಿಡಿ ನಮ್ಮದೇ ತೆರಿಗೆ ಹಣ, ಹೀಗೆ ಉಳಿಸಿದರೆ ಅದೂ ಅಷ್ಟು ಉಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಹಳೆಯ 7.5 ಎಚ್‌ಪಿ ತೆಗೆದು ಅಷ್ಟೇ ಎಚ್‌ಪಿಯ ಚಲೋ ಪಂಪು ಇಳಿಸಿದರೆ ಕರೆಂಟ್ ಉಳಿಯುವುದಿಲ್ಲ. ಇದ್ದ ಏಳು ತಾಸಿನಲ್ಲಿ ಹೆಚ್ಚು ನೀರು ಬರುತ್ತದೆ, ಬೋರ್ ಬೇಗ ಬತ್ತುತ್ತದೆ. ಹೊಸ ಪಂಪು ಚಿಕ್ಕದಾಗಿರಬೇಕು, ಇಲ್ಲವೇ ನೀರು ಸಾಕಾದಾಗ ಯಾರಾದರೂ ಬಂದ್ ಮಾಡಬೇಕು. ನಮ್ಮ ಮಟ್ಟಿಗೆ ಯೋಜನೆಗಳ ಕಾಗದದಲ್ಲಿ ಅತಿ ಕಡಿಮೆ ಚರ್ಚೆಯಾಗುವ ಮಾತು ಇದೇ.

ತುಬಚಿ–ಬಬಲೇಶ್ವರ ಏತ ನೀರಾವರಿಯನ್ನೂ ಈ ಕಣ್ಣಿನಿಂದ ನೋಡಬಹುದು. ಕೃಷ್ಣೆಯ ನೀರನ್ನು ಮೇಲೆತ್ತಲು ದೊಡ್ಡ ಪಂಪುಗಳು ಕರೆಂಟ್ ತಿನ್ನುತ್ತವೆ, ನಿಜ. ಆದರೆ ಆ ನೀರು ಕೆರೆಯಲ್ಲಿ ನಿಂತು, ಇಂಗಿ, ಸುತ್ತಲ ಬಾವಿಗಳ ಮಟ್ಟ 100 ಅಡಿ ಏರಿತೆಂದು ಇಟ್ಟುಕೊಳ್ಳಿ. ಅಲ್ಲಿನ ಪ್ರತಿ ಪಂಪೂ ಪ್ರತಿ ಲೀಟರನ್ನು 100 ಅಡಿ ಕಡಿಮೆ ಎತ್ತಿದರೆ ಸಾಕು. ತಿಕೋಟಾದ ದ್ರಾಕ್ಷಿ ತೋಟದ ಹನಿ ನೀರಾವರಿಯೂ ಇದೇ ಲೆಕ್ಕಕ್ಕೆ ಸೇರುತ್ತದೆ: ಎತ್ತುವ ನೀರೇ ಕಡಿಮೆ.

ಮಂಗಳವೇಢೆಯ ನಂತರ ಹೆಸ್ಕಾಂ ವ್ಯಾಪ್ತಿಯಲ್ಲೂ ಪಂಪು ಬದಲಿಸಿದರು, ನಿಪ್ಪಾಣಿ ಮತ್ತು ಬ್ಯಾಡಗಿಯಲ್ಲಿ ಸೇರಿ 590. ಒಂದು ಊರು ಬೆಳಗಾವಿ ಜಿಲ್ಲೆಯದು, ಇನ್ನೊಂದು ಹಾವೇರಿಯದು. ತಿಕೋಟಾ, ಬಬಲೇಶ್ವರದ ಪಂಪು ಆ 590ರಲ್ಲಿ ಒಂದೂ ಇರಲಿಲ್ಲ.