ಮನೆಯ ಹೂದೋಟದಲ್ಲಿ ಚೈನಾ ಆಸ್ಟರ್ ಬೇಸಾಯ

ಪೀಠಿಕೆ

ಚೈನಾ ಆಸ್ಟರ್ ಸೇವಂತಿಗೆಯ ಕುಟುಂಬಕ್ಕೆ ಸೇರಿದ ವಾರ್ಷಿಕ ಹೂವಿನ ಗಿಡ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯಾಲಿಸ್ಟೆಫಸ್ ಚೈನೆನ್ಸಿಸ್, ಮೂಲಸ್ಥಾನ ಚೀನಾ. ಬಿಳಿ, ಗುಲಾಬಿ, ನೇರಳೆ ಮುಂತಾದ ಬಣ್ಣಗಳ ಇದರ ಹೂಗಳನ್ನು ಪೂಜೆ, ಮಾಲೆ ಹಾಗೂ ಹೂದಾನಿಗಳಿಗೆ ಬಳಸಲಾಗುತ್ತದೆ. ಬೇಸಾಯ ಸುಲಭವಾದರೂ ಮನೆಯಂಗಳದಲ್ಲಿ ಎರಡು ಕಾರಣಗಳಿಂದ ಗಿಡಗಳು ಹೆಚ್ಚಾಗಿ ವಿಫಲವಾಗುತ್ತವೆ. ಮೊದಲನೆಯದು ಹಳೆಯ ಬೀಜ. ಎರಡನೆಯದು ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ನಾಟಿ ಮಾಡುವುದು.

ತಳಿಗಳು

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ ಪ್ರಮುಖ ತಳಿಗಳು:

1. ಕಾಮಿನಿ – ಗುಲಾಬಿ ಬಣ್ಣ
2. ಪೂರ್ಣಿಮಾ – ಬಿಳಿ ಬಣ್ಣ
3. ಶಶಾಂಕ್ – ಕೆನೆ ಬಿಳಿ ಬಣ್ಣ
4. ವಯೊಲೆಟ್ ಕುಷನ್ – ನೇರಳೆ ಬಣ್ಣ

ಬೀಜದ ಆಯ್ಕೆ ಮತ್ತು ಪರೀಕ್ಷೆ

ಆಸ್ಟರ್ ಬೀಜವು ಮೊಳಕೆಯೊಡೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಹೊಸ ಹಂಗಾಮಿನ ಬೀಜವನ್ನೇ ಬಳಸಬೇಕು. ಖರೀದಿಸುವಾಗ ಪೊಟ್ಟಣದ ಮೇಲಿನ ಅವಧಿ ದಿನಾಂಕವನ್ನು ತಪ್ಪದೇ ಗಮನಿಸಬೇಕು. ಸಂದೇಹವಿದ್ದಲ್ಲಿ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವ ಆರದಂತೆ ಹತ್ತು ದಿನ ಇಟ್ಟು ಪರೀಕ್ಷಿಸಬಹುದು. ಅರ್ಧಕ್ಕಿಂತ ಕಡಿಮೆ ಬೀಜಗಳು ಮೊಳೆತರೆ ಆ ಬೀಜವನ್ನು ಬಿತ್ತನೆಗೆ ಬಳಸದಿರುವುದು ಸೂಕ್ತ.

ಸಸಿ ಬೆಳೆಸುವುದು

ಏರುಮಡಿಯಲ್ಲಿ ಅಥವಾ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಿ, ಪುಡಿ ಮಾಡಿದ ಗೊಬ್ಬರದಿಂದ ತೆಳುವಾಗಿ ಮುಚ್ಚಬೇಕು. ಸಣ್ಣ ರಂಧ್ರಗಳಿರುವ ಪೂವಾಳಿಯಿಂದ ಮೃದುವಾಗಿ ನೀರು ಚಿಮುಕಿಸಬೇಕು. ಸುಮಾರು 30 ದಿನಗಳಲ್ಲಿ, 4ರಿಂದ 5 ಎಲೆಗಳಿರುವಾಗ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ.

ಮಣ್ಣು ಮತ್ತು ನಾಟಿ

ನೀರು ಬಸಿದುಹೋಗುವ ಕೆಂಪು ಗೋಡು ಮಣ್ಣು ಹಾಗೂ ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಅವಶ್ಯ. ಕುಂಡಗಳಿಗೆ ಕೆಂಪು ಮಣ್ಣು 2 ಭಾಗ, ಮರಳು 1 ಭಾಗ, ಕಳಿತ ಕೊಟ್ಟಿಗೆ ಗೊಬ್ಬರ 1 ಭಾಗ ಬೆರೆಸಿ ತುಂಬಬೇಕು. ಪಾತಿಯಲ್ಲಿ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ ಕೊಡಬೇಕು, 8ರಿಂದ 10 ಅಂಗುಲದ ಕುಂಡಕ್ಕೆ ಒಂದು ಗಿಡ ಸಾಕು. ಸಂಜೆಯ ವೇಳೆ ನಾಟಿ ಮಾಡುವುದು ಒಳ್ಳೆಯದು. ನಾಟಿಯಾದ ಒಂದು ತಿಂಗಳ ನಂತರ ತುದಿ ಕುಡಿಯನ್ನು ಚಿವುಟಿದರೆ ಕವಲುಗಳು ಹೆಚ್ಚುತ್ತವೆ. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಕೊಡಬೇಕು.

ಹಬ್ಬದ ಕಾಲಕ್ಕೆ ಹೂ

ಬಿತ್ತನೆಯಿಂದ ಹೂ ಬಿಡಲು ಸುಮಾರು ಮೂರೂವರೆ ತಿಂಗಳು ಹಿಡಿಯುತ್ತದೆ. ದಸರಾಕ್ಕೆ ಹೂ ಬೇಕಾದವರು ಜೂನ್ ಆರಂಭದಲ್ಲಿಯೇ ಬಿತ್ತುವುದು ಸೂಕ್ತ. ಈ ಗಿಡ ಒಂದೇ ಬಾರಿ ಹೂ ಬಿಡುವುದರಿಂದ, ನಿರಂತರ ಹೂವಿಗೆ 15 ದಿನಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಬಿತ್ತಬೇಕು.

ಸೊರಗು ರೋಗದ ಹತೋಟಿ

ಇದು ಆಸ್ಟರ್‌ಗೆ ತಗಲುವ ಅತಿ ಹಾನಿಕಾರಕ ರೋಗ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಇದಕ್ಕೆ ಕಾರಣ. ಹಲವು ಬಾರಿ ಗಿಡದ ಒಂದು ಪಕ್ಕದ ಎಲೆಗಳು ಮೊದಲು ಹಳದಿಯಾಗಿ ಬಾಡುತ್ತವೆ. ಬುಡದ ಕಾಂಡವನ್ನು ಸೀಳಿದರೆ ಒಳಗೆ ಕಂದು ಗೆರೆಗಳು ಕಾಣುತ್ತವೆ. ನೀರು ಕಡಿಮೆಯಾಗಿದೆ ಎಂದು ಭಾವಿಸಿ ಹೆಚ್ಚು ನೀರು ಹಾಕುವುದರಿಂದ ಗಿಡ ಚೇತರಿಸಿಕೊಳ್ಳುವುದಿಲ್ಲ. ರೋಗ ಕಂಡಾಗ ಈ ಕ್ರಮಗಳನ್ನು ಅನುಸರಿಸಬೇಕು:

• ರೋಗಪೀಡಿತ ಗಿಡವನ್ನು ಬೇರುಸಹಿತ ಕಿತ್ತು ನಾಶಪಡಿಸಬೇಕು; ಗೊಬ್ಬರದ ಗುಂಡಿಗೆ ಹಾಕಬಾರದು.
• ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಳ ಕಾಲ ಉಳಿಯುವುದರಿಂದ ಅದೇ ಪಾತಿಯಲ್ಲಿ ಕೆಲವು ವರ್ಷ ಆಸ್ಟರ್ ನೆಡಬಾರದು. ಅಲ್ಲಿ ಈ ರೋಗ ತಗಲದ ಬೇರೆ ಗಿಡ ಬೆಳೆಯಬಹುದು.
• ಕುಂಡದ ಮಣ್ಣನ್ನು ಸಂಪೂರ್ಣ ಬದಲಿಸಿ, ಕುಂಡವನ್ನು ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು.
• ರೋಗ ಬಂದ ಪಾತಿಯ ಬೀಜವನ್ನು ಸಂಗ್ರಹಿಸಬಾರದು.

ಕೊಯ್ಲು ಮತ್ತು ಬೀಜ ಸಂಗ್ರಹಣೆ

ಪೂರ್ಣ ಅರಳಿದ ಹೂಗಳನ್ನು ಬೆಳಗ್ಗೆ ಅಥವಾ ಸಂಜೆ ಕೊಯ್ಯಬೇಕು. ಬೀಜಕ್ಕಾಗಿ ಆರೋಗ್ಯವಂತ ಗಿಡಗಳ ಕೆಲವು ಹೂಗಳನ್ನು ಗಿಡದಲ್ಲಿಯೇ ಒಣಗಲು ಬಿಟ್ಟು, ಬೀಜ ಬಿಡಿಸಿ, ನೆರಳಿನಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಜಾಗದಲ್ಲಿಟ್ಟು ಮುಂದಿನ ಹಂಗಾಮಿನಲ್ಲಿಯೇ ಬಳಸಬೇಕು.

ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಗಿಡ ಬಾಡಿದ್ದಲ್ಲಿ ಬೇರುಸಹಿತ ಒಂದು ಗಿಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ತೋರಿಸಿದರೆ ಕಾರಣವನ್ನು ಗುರುತಿಸಲು ಅನುಕೂಲವಾಗುತ್ತದೆ.